ಸಹಾಯ ಬೇಕು: ಕಾಪ್‌ವಾಲ್ ಮ್ಯಾಂಟಲ್ ಕಲ್ಲಿನಲ್ಲಿ ಆರ್ಥೋಪೈರಾಕ್ಸೀನ್ ಖನಿಜ ಯಾಕೆ ಇಷ್ಟು ಜಾಸ್ತಿ?

ಭೂವಿಜ್ಞಾನ ಓದಿದವರು ಸ್ವಲ್ಪ ಬಿಡಿಸಿ ಹೇಳಿ. ಎಂಎಸ್ಸಿ ಸೆಮಿನಾರಿಗೆ ದಕ್ಷಿಣ ಆಫ್ರಿಕಾದ ಕಾಪ್‌ವಾಲ್ ಕ್ರೇಟಾನ್ (ಖಂಡದ ಬಹಳ ಹಳೆಯ, ಗಟ್ಟಿ ಭಾಗ) ತೆಗೆದುಕೊಂಡಿದ್ದೇನೆ. ಭೂಮಿಯ ಆಳದಿಂದ ಉಕ್ಕಿದ ಕಿಂಬರ್ಲೈಟ್ ಶಿಲಾದ್ರವದ ಜೊತೆ ಮೇಲೆ ಬಂದ ಹಾರ್ಜ್‌ಬರ್ಗೈಟ್ (ಆಲಿವಿನ್, ಆರ್ಥೋಪೈರಾಕ್ಸೀನ್ ಖನಿಜಗಳೇ ಹೆಚ್ಚಿರುವ ಕಲ್ಲು) ತುಂಡುಗಳ ವಿಷಯ.

ಇವು ಭೂಚಿಪ್ಪಿನ ಕೆಳಗಿನ ಪದರವಾದ ಮ್ಯಾಂಟಲ್ ಕರಗಿ ಉಳಿದ ಚರಟ ಅನ್ನುವುದು ಅರ್ಥವಾಗಿದೆ. ಆರ್ಕಿಯನ್ ಕಾಲದಲ್ಲಿ (250 ಕೋಟಿ ವರ್ಷಕ್ಕೂ ಹಿಂದೆ) ಭೂಮಿಯ ಒಳಗೆ ಬಿಸಿ ಜಾಸ್ತಿ, ಹೆಚ್ಚು ಶಿಲಾದ್ರವ ಹೊರಗೆ ಹೋಗಿ ಕಬ್ಬಿಣ ಕಡಿಮೆಯಾಯಿತು. ಆಲಿವಿನ್‌ನ ಮೆಗ್ನೀಸಿಯಂ ಸಂಖ್ಯೆ (ಮೆಗ್ನೀಸಿಯಂ, ಕಬ್ಬಿಣ ಎರಡರಲ್ಲಿ ಮೆಗ್ನೀಸಿಯಂನ ಶೇಕಡಾ ಪಾಲು) 92–93 ಇರುವುದು ಅದಕ್ಕೇ. ಸಾಗರತಳದ ಮ್ಯಾಂಟಲ್ ಕಲ್ಲಾದ ಪೆರಿಡೊಟೈಟ್‌ನಲ್ಲಿ ಅದು 90–91ರ ಆಸುಪಾಸು.

ತಲೆ ಕೆಡುವುದು ಇಲ್ಲಿ. ಅಷ್ಟೊಂದು ಕರಗಿದರೆ ಆರ್ಥೋಪೈರಾಕ್ಸೀನ್ ಖಾಲಿಯಾಗುತ್ತಾ ಬರೀ ಆಲಿವಿನ್ ಉಳಿಯಬೇಕು, ಅಲ್ವಾ? ಆದರೆ ಕೆಲವು ತುಂಡುಗಳಲ್ಲಿ ಆರ್ಥೋಪೈರಾಕ್ಸೀನೇ ಶೇ. 30 ದಾಟುತ್ತದೆ! ಸಬ್ಡಕ್ಷನ್ ವಲಯದಿಂದ (ಒಂದು ಭೂಫಲಕ ಇನ್ನೊಂದರ ಅಡಿಗೆ ಜಾರುವ ಜಾಗ) ಸಿಲಿಕಾ ತುಂಬಿದ ದ್ರವ ಆಮೇಲೆ ಬಂದು ಸೇರಿತು ಅನ್ನುವ ವಾದ ನನಗೆ ಹಿಡಿಸಿದೆ. ಆದರೆ ಗೈಡ್ ಸುಮ್ನೆ ಬಿಡುವವರಲ್ಲ, ಪುರಾವೆ ಕೇಳುತ್ತಾರೆ.

ಇನ್ನೊಂದು. ಕಲ್ಲಿನಲ್ಲಿ ಕಾಣುವ ನೇರಳೆಗೆಂಪು ಪೈರೋಪ್ ಗಾರ್ನೆಟ್, ಅದಕ್ಕೆ ಅಂಟಿಕೊಂಡ ಹಚ್ಚಹಸಿರು ಕ್ರೋಮ್ ಡಯಾಪ್ಸೈಡ್ ಕಾಳುಗಳು ಕೂಡ ಆಮೇಲೆ ಸೇರಿದವೇ? ಅಥವಾ ಕಲ್ಲು ತಣ್ಣಗಾಗುವಾಗ ಆರ್ಥೋಪೈರಾಕ್ಸೀನಿನಿಂದಲೇ ಬೇರ್ಪಟ್ಟವೇ? ತೆಳು ಛೇದದಲ್ಲಿ (ಸೂಕ್ಷ್ಮದರ್ಶಕದಲ್ಲಿ ನೋಡಲು ತೆಳುವಾಗಿ ಅರೆದ ಕಲ್ಲಿನ ಚೂರು) ಏನು ನೋಡಿ ಗುರುತಿಸುವುದು?

ನಮ್ಮ ಪಕ್ಕದ ಅನಂತಪುರದ ವಜ್ರಕರೂರು ಕಿಂಬರ್ಲೈಟ್ ಮೇಲೆ ಕೆಲಸ ಮಾಡಿದವರಿದ್ದರೆ ದಯವಿಟ್ಟು ಉತ್ತರಿಸಿ.