ಹಳ್ಳದಂಚಿಗೆ ಬೇಲಿ, ಗಾಳಿಗೆ ಮರಸಾಲು: ಕೌನ್ಸಿಲ್‌ನ ಕೇಳೋದಾ ಬೇಡ್ವಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಜೂನ್ 1ಕ್ಕೆ ಮೂವಿಂಗ್ ಡೇ (ಇಲ್ಲಿ ಡೇರಿಯವರು ಫಾರ್ಮ್ ಬದಲಾಯಿಸೋ ದಿನ) ಮುಗಿಸಿ ನ್ಯೂಜಿಲೆಂಡಿನ ಟಾರನಾಕಿಗೆ, ಓಪುನಾಕೆ ಹತ್ತಿರದ ಡೇರಿ ಫಾರ್ಮಿಗೆ ಕಾಂಟ್ರ್ಯಾಕ್ಟ್ ಮಿಲ್ಕರ್ ಆಗಿ (ಮಾಲೀಕರ ಹಸುಗಳನ್ನು ಗುತ್ತಿಗೆ ಮೇಲೆ ಕರೆಯೋರು) ಬಂದಿದ್ದೇವೆ, ನಾನು ನನ್ನ ಹೆಂಡತಿ. 280 ಹಸು. ಜಮೀನಿನ ನಡುವೆ ಹಳ್ಳ ಹರಿಯುತ್ತೆ. ಒಂದು ದಂಡೆಗೆ ಹಳೇ ಬೇಲಿ ಇದೆ, ಗೂಟ ಅರ್ಧ ಕೊಳೆತಿದೆ. ಇನ್ನೊಂದು ದಂಡೆಗೆ ಒಂದಷ್ಟು ದೂರ ಬೇಲಿಯೇ ಇಲ್ಲ. ಕರು ಹಾಕಿಸೋ ಪ್ಯಾಡಕ್‌ನಲ್ಲಿ (ಬೇಲಿ ಹಾಕಿದ ಹುಲ್ಲುಗಾವಲು) ಗಾಳಿಗೆ ನಿಲ್ಲೋಕಾಗಲ್ಲ. ಮಾಲೀಕರು "ನೀನೇ ನೋಡಿ ಹೇಳು, ಖರ್ಚು ನನ್ನದು" ಅಂದಿದ್ದಾರೆ. ಕೌನ್ಸಿಲ್‌ಗೆ, ಅಂದರೆ ಇಲ್ಲಿನ ಸ್ಥಳೀಯ ಸಂಸ್ಥೆಗೆ, ಫೋನ್ ಮಾಡಿದರೆ ಸಲಹೆ ಕೊಡ್ತಾರೋ, ದಂಡ ಹಾಕ್ತಾರೋ? ಅನುಭವ ಇದ್ದವರು ಹೇಳಿ.

ಟಾರನಾಕಿಯಿಂದಲೇ, ಊರು ಹಾಸನದ ಕಡೆ

ಅಣ್ಣ, ಮೊದಲು ಯಾವ ಕೌನ್ಸಿಲ್ ಅನ್ನೋದು ಗೊತ್ತು ಮಾಡ್ಕೊಳ್ಳಿ. ನಾನು ಬಂದ ಹೊಸತರಲ್ಲಿ ಡಿಸ್ಟ್ರಿಕ್ಟ್ ಕೌನ್ಸಿಲ್‌ಗೆ ಫೋನ್ ಮಾಡಿ ಅರ್ಧ ದಿನ ಕಳೆದಿದ್ದೆ. ತಾಲ್ಲೂಕು ಪಂಚಾಯ್ತಿ, ಅದರ ಮೇಲೆ ಜಿಲ್ಲಾ ಪಂಚಾಯ್ತಿ, ಹಾಗೇ ಇಲ್ಲೂ ಇರಬೇಕು ಅಂದ್ಕೊಂಡಿದ್ದೆ. ಹಾಗಿಲ್ಲ. ಡಿಸ್ಟ್ರಿಕ್ಟ್‌ನವರದು ರಸ್ತೆ, ಕಸ, ಕಟ್ಟಡದ ಪರವಾನಗಿ. ನೀರು, ಮಣ್ಣು, ಹಳ್ಳದ ಪಾತ್ರ, ಕೊಟ್ಟಿಗೆಯ ಗಂಜಲದ ನೀರು ಎಲ್ಲಿಗೆ ಹೋಗುತ್ತೆ ಅನ್ನೋದು ರೀಜನಲ್ ಕೌನ್ಸಿಲ್‌ದು. ಒಬ್ಬರ ಕೈಕೆಳಗೆ ಇನ್ನೊಬ್ಬರಿಲ್ಲ. 1989ರಲ್ಲಿ ಇವನ್ನು ಮಾಡುವಾಗ ಗಡಿ ಹಾಕಿದ್ದೇ ಬಹುಮಟ್ಟಿಗೆ ನದಿಗಳ ಜಲಾನಯನ ನೋಡಿಕೊಂಡು. ನಮ್ಮದರ ಕಚೇರಿ ಸ್ಟ್ರ್ಯಾಟ್‌ಫರ್ಡ್‌ನಲ್ಲಿದೆ.

ಅಲ್ಲಿ ಲ್ಯಾಂಡ್ ಮ್ಯಾನೇಜ್‌ಮೆಂಟ್ ಆಫೀಸರ್ ಬೇಕು ಅಂತ ಕೇಳಿ. ತಪಾಸಣೆಗೆ ಬರೋರು ಬೇರೆ, ಇವರು ಬೇರೆ. ನಮ್ಮ ಮನೆಗೆ ಬಂದವರು ಗಮ್‌ಬೂಟ್ ಹಾಕ್ಕೊಂಡು ಹಳ್ಳದುದ್ದಕ್ಕೂ ನಡೆದು, ನಕ್ಷೆ ಮೇಲೆ ಎಲ್ಲಿ ಬೇಲಿ, ಎಲ್ಲಿ ಗಿಡ ಅಂತ ಗುರುತು ಹಾಕಿಕೊಟ್ಟರು. ಒಂದು ಡಾಲರ್ ಕೇಳಲಿಲ್ಲ. ಟಾರನಾಕಿಯಲ್ಲಿ ಈ ಹಳ್ಳದಂಚಿನ ಕೆಲಸ 1993ರಿಂದ ನಡೀತಿದೆ. ಇಂಥ ಪ್ಲಾನ್ (ಎಲ್ಲಿ ಬೇಲಿ, ಎಲ್ಲಿ ಗಿಡ ಅನ್ನೋ ನಕ್ಷೆ) ಇದ್ದವರಿಗೆ ನಾಟಿ ಗಿಡಗಳನ್ನು ಅಸಲು ಬೆಲೆಗೆ ಕೊಡ್ತಾರೆ, ಮುಂಚೆಯೇ ಬುಕ್ ಮಾಡಬೇಕು. ಪ್ಲಾನ್ ಇರೋದು ಜಮೀನಿಗೆ. ಹಾಗಾಗಿ ನಿಮ್ಮ ಮಾಲೀಕರ ಹತ್ತಿರ ಹಳೇದೇನಾದರೂ ಇದೆಯಾ ಮೊದಲು ಕೇಳಿ.

ಇನ್ನು ಕಾನೂನು. 2020ರ ನಿಯಮದ ಪ್ರಕಾರ ಪಾತ್ರ 1 ಮೀಟರ್‌ಗಿಂತ ಅಗಲ ಇರೋ ಹಳ್ಳಕ್ಕೆ ಹಾಲು ಕರೆಯೋ ಹಸು ಇಳಿಯೋ ಹಾಗಿಲ್ಲ. ಇದು 2023ರ ಜುಲೈ 1ರಿಂದ ಜಾರಿಯಲ್ಲಿದೆ. ಆ ಅಗಲ ಬೇಲಿ ಹಾಕೋ ಜಾಗದಲ್ಲೇ ಇರಬೇಕಂತಿಲ್ಲ. ನಮ್ಮ ಕಡೆ ಸರ್ವೆ ನಂಬರ್ ಅಂತೀವಲ್ಲ, ಅಂಥ ಒಂದು ತುಂಡು ಜಮೀನಿನಲ್ಲಿ ಎಲ್ಲಾದರೂ 1 ಮೀಟರ್ ದಾಟಿದರೆ ಲೆಕ್ಕಕ್ಕೆ ಬಂತು. ಹೊಸ ಬೇಲಿ ಪಾತ್ರದ ಅಂಚಿನಿಂದ 3 ಮೀಟರ್ ಬಿಟ್ಟೇ ಇರಬೇಕು. 2020ರ ಸೆಪ್ಟೆಂಬರ್ 3ಕ್ಕೆ ಮುಂಚೆಯೇ ಇದ್ದ ಕಾಯಂ ಬೇಲಿಗೆ ಈ 3 ಮೀಟರ್ ಲೆಕ್ಕ ಇಲ್ಲ, ಆದರೆ ಅದು ಹಸು ತಡೀಬೇಕು. ಗೂಟ ಕೊಳೆತಿದ್ದರೆ ಎಲ್ಲಿ ತಡೆಯುತ್ತೆ? ಹಸು ದಾಟಿಸೋ ಜಾಗ ಇದ್ದರೆ, ಸೇತುವೆ ಅಥವಾ ಕಲ್ವರ್ಟ್ (ಪೈಪ್ ಹಾಕಿದ ಮೋರಿ) ಇಲ್ಲದೆ ತಿಂಗಳಿಗೆ ಎರಡು ಸಲಕ್ಕಿಂತ ಹೆಚ್ಚು ದಾಟಿಸೋ ಹಾಗಿಲ್ಲ. ಕಲ್ವರ್ಟ್ ಹಾಕೋಕೆ ಹೋದರೆ ಮೀನು ಮೇಲೆ ಹತ್ತೋಕೆ ದಾರಿ ಬಿಟ್ಟಿದ್ದೀರಾ ಅಂತ ಕೇಳ್ತಾರೆ. ಪೈಪ್ ತಂದು ಹಾಕೋ ಮುಂಚೆ ಮಾತಾಡಿ, ಹಾಕಿದ ಮೇಲೆ ಅಲ್ಲ.

ಬೇಲಿ ಇಲ್ಲದ ದಂಡೆಗೆ ಇವತ್ತೇ ಪಾಲಿವೈರ್ (ಕರೆಂಟ್ ಹರಿಯೋ ತಾತ್ಕಾಲಿಕ ಬೇಲಿ ದಾರ) ಎಳೆದು ಪಿಗ್‌ಟೇಲ್ (ತುದಿ ಸುರುಳಿಯಾಗಿರೋ ಕಬ್ಬಿಣದ ಕಡ್ಡಿ) ಚುಚ್ಚಿಬಿಡಿ. ಫೋನ್ ಆಮೇಲೆ.

ಸೌತ್‌ಲ್ಯಾಂಡ್, ವಿಂಟನ್ ಹತ್ರ

ನಮ್ದು ಧಾರವಾಡ ರೀ. ಒಂದ ಮಾತು ಹೇಳ್ತೀನಿ. ಹಳ್ಳದ ದಂಡಿಗೆ ಎಂಟು ತಂತಿ ಬಿಗಿದು ಕೋಟೆ ಕಟ್ಟಬ್ಯಾಡ್ರಿ. ನಾ ಕಟ್ಟಿದ್ದೆ. ಒಂದ ರಾತ್ರಿ ಹೊಳಿ ಬಂತು, ಹುಲ್ಲು, ಟೊಂಗಿ, ಯಾರದೋ ಮೇವು ಸುತ್ತಿದ ಪ್ಲಾಸ್ಟಿಕ್ ಎಲ್ಲಾ ಬಂದು ತಂತಿಗೆ ಸಿಗಬಿತ್ತು. ಮುಂಜಾನೆ ನೋಡ್ತೀನಿ, ಗೂಟದ ಸಮೇತ ಬೇಲಿ ಮಕಾಡೆ ಮಲಗಿತ್ತು. ಡೇರಿ ಹಸಕ್ಕ ಕರೆಂಟಿನ ಎರಡು ತಂತಿ ಸಾಕ್ರಿ. ನೀರು ಏರೋ ಜಾಗದಾಗ ತಂತಿ ಗೂಟದ ಕೆಳಹರಿವಿನ ಬಾಜೂಕ ಹಾಕ್ರಿ, ಕಸ ಬಂದು ಗುದ್ದಿದ್ರ ಸ್ಟೇಪಲ್ (ತಂತಿ ಹಿಡಿಯೋ ಯು-ಮೊಳೆ) ಕಿತ್ತು ತಂತಿ ಬೀಳ್ತದ, ಗೂಟ ಉಳಿತಾವ.

ಗಿಡದ ಬಗ್ಗೆ: ಪುಕೇಕೊ ಅಂತ ಒಂದು ನೀಲಿ ಕೋಳಿ ಐತಿ, ನಮ್ಮ ಕೆರ್ಯಾಗಿನ ನೇರಳೆ ಜಂಬುಕೋಳಿ ಜಾತೀದ. ನಾ ಹಾರಾಕೆಕೆ (ಇಲ್ಲಿನ ಉದ್ದ ಎಲಿ ನಾರಿನ ಗಿಡ) ಸಸಿ ಹಚ್ಚಿ ಹಿಂದ ಹೊಳ್ಳಿ ನೋಡೂದ್ರಾಗ ಕಿತ್ತು ದಂಡಿ ಮ್ಯಾಲೆ ಸಾಲಾಗಿ ಒಗದಿತ್ತು. ತಿಂತದ ಅಂದ್ರ ತಿನ್ನೂದೂ ಇಲ್ಲ! ಸಸಿ ಸುತ್ತ ಗಾರ್ಡ್ ಹಾಕ್ರಿ, ಮಣ್ಣು ಗಟ್ಟಿ ತುಳೀರಿ.

ಕ್ಯಾಂಟರ್‌ಬರಿ, ಆಶ್‌ಬರ್ಟನ್

ಗಾಳಿಯ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳ್ತೀನಿ. ಮರಸಾಲು ಗೋಡೆ ಹಾಗೆ ದಟ್ಟ ಆಗಬಾರದು. ಗಾಳಿ ಗೋಡೆ ಹಾರಿ ಆಚೆ ಕಡೆ ಧುಮುಕಿ ಸುಳಿ ಹಾಕುತ್ತೆ, ಕರು ಮಲಗಿರೋದು ಅಲ್ಲೇ. ಅರ್ಧಕ್ಕರ್ಧ ಗಾಳಿ ಸೋಸಿ ಹೋಗೋ ಹಾಗಿದ್ದರೆ ಮರದ ಎತ್ತರದ ಹತ್ತು ಪಟ್ಟು ದೂರದವರೆಗೆ ಆಸರೆ ಸಿಗುತ್ತೆ: 5 ಮೀಟರ್ ಮರಕ್ಕೆ 50 ಮೀಟರ್. ಇಲ್ಲಿ ಸೂರ್ಯ ಉತ್ತರಕ್ಕಿರೋದು, ಚಳಿಗಾಳಿ ದಕ್ಷಿಣದ್ದು. ಊರಿನ ಅಂದಾಜಿನಲ್ಲಿ ಮರ ನೆಟ್ಟರೆ ಚಳಿಗಾಲ ಪೂರ್ತಿ ಪ್ಯಾಡಕ್ ನೆರಳಲ್ಲಿ ಕೊಚ್ಚೆ. ಹಳ್ಳದ ಉತ್ತರ ದಂಡೆಗೆ ಮಾತ್ರ ಎತ್ತರದ ಗಿಡ ಹಾಕಿ, ನೀರಿಗೆ ನೆರಳು ಬೀಳಲಿ.

ಮರಸಾಲಿಗೆ ಮ್ಯಾಕ್ರೊಕಾರ್ಪಾ (ಸೈಪ್ರಸ್ ಜಾತಿಯ ಮರ) ಬೇಡ. ಗಬ್ಬದ ಹಸು ಅದರ ಸೊಪ್ಪು ತಿಂದರೆ ಕಂದು ಹಾಕುತ್ತೆ. ನಿಮ್ಮ ಕರಾವಳಿಯಲ್ಲಿ ಹಳೇ ಬಾಕ್ಸ್‌ಥಾರ್ನ್ (ಮುಳ್ಳುಪೊದೆ) ಬೇಲಿ ಇರುತ್ತೆ, ಗಾಳಿಗೆ ಒಳ್ಳೇದೇ. ಆದರೆ ಕತ್ತರಿಸಿದ ಮುಳ್ಳು ಬಿಟ್ಟರೆ ಬೈಕ್ ಟೈರ್ ಲೆಕ್ಕ ಇಡೋಕಾಗಲ್ಲ.

ಕೌನ್ಸಿಲ್‌ಗೆ ಹೆದರಬೇಡಿ. ನಮ್ಮ ಕ್ಯಾಂಟರ್‌ಬರಿಯಲ್ಲಿ 2010ರಲ್ಲಿ ಸರ್ಕಾರ ಚುನಾಯಿತ ರೀಜನಲ್ ಕೌನ್ಸಿಲರ್‌ಗಳನ್ನೇ ತೆಗೆದು ಕಮಿಷನರ್‌ಗಳನ್ನು ಕೂರಿಸಿತು, ಪೂರ್ತಿ ಚುನಾವಣೆ ವಾಪಸ್ ಬಂದಿದ್ದು 2019ಕ್ಕೆ. 2025ರ ನವೆಂಬರ್‌ನಲ್ಲಿ ದೇಶದೆಲ್ಲೆಡೆ ರೀಜನಲ್ ಕೌನ್ಸಿಲರ್ ಹುದ್ದೆಯೇ ಬೇಡ, ಮೇಯರ್‌ಗಳ ಮಂಡಳಿ ಸಾಕು ಅನ್ನೋ ಪ್ರಸ್ತಾಪ ಬಂತು. ಮೇಲೆ ಯಾರೇ ಕೂತಿರಲಿ, ಹಳ್ಳದ ಹತ್ತಿರ ಬಂದು ನೋಡೋರು ಕೆಳಗಿನ ಆಫೀಸರ್‌ಗಳೇ. ಅವರು ಹೇಳಿದ್ದನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ ಅಷ್ಟೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಸಂಜೆ ಟಾರ್ಚ್ ಹಿಡ್ಕೊಂಡು ಪಾಲಿವೈರ್ ಎಳೆದಾಯ್ತು. ಮಾಲೀಕರನ್ನು ಕೇಳಿದ್ದಕ್ಕೆ ಶೆಡ್ಡಿನ ಬೀರುವಿನಿಂದ ಧೂಳು ಹಿಡಿದ ಫೋಲ್ಡರ್ ತಂದರು. ಒಳಗೆ ಪ್ಲಾನ್, ಅವರಪ್ಪ ಮಾಡಿಸಿದ್ದಂತೆ. ಬೇಲಿ ಇಲ್ಲದ ಅದೇ ತುಂಡಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು "ಮುಂದಿನ ವರ್ಷ" ಅಂತ ಬರೆದಿದೆ. ಸೋಮವಾರ ಆಫೀಸರ್ ಬರ್ತಾರೆ, ಫೋಲ್ಡರ್ ಅವರ ಮುಂದಿಡ್ತೀನಿ.