ತೊಗರಿ ಹೊಲಕ್ಕೆ ಬೋರಾ, ಕೃಷಿಹೊಂಡವಾ? ಅಪ್ಪನಿಗೆ ಏನು ಹೇಳಲಿ?

ಆಳಂದದ ಹುಡುಗಿ

ಎಲ್ಲರಿಗೂ ನಮಸ್ಕಾರ. ಆಳಂದ ತಾಲ್ಲೂಕಿನಲ್ಲಿ ನಮ್ಮದು ಆರು ಎಕರೆ ಎರಿ ಹೊಲ, ಅಂದರೆ ಕಪ್ಪು ಮಣ್ಣು. ನೀರಾವರಿ ಇಲ್ಲ. ಮುಂಗಾರಿಗೆ ತೊಗರಿ, ನಡುವೆ ಹೆಸರು ಇಲ್ಲವೇ ಉದ್ದು. ಈಗಿನ ಮಳೆಯ ಆಟ ನಿಮಗೂ ಗೊತ್ತು. ಮಿರಗ (ಮೃಗಶಿರ ಮಳೆ) ಕೈ ಕೊಡುತ್ತದೆ, ಆಮೇಲೆ ಬಂದರೆ ಬಿಡದೆ ಹೊಡೆಯುತ್ತದೆ. ತಗ್ಗಿನ ಕಡೆ ಎರಡು ಎಕರೆಯಲ್ಲಿ ನೀರು ನಿಂತು ಗಿಡ ಹಳದಿಯಾಗುತ್ತವೆ. ಅದೇ ಹೊಲ ದೀಪಾವಳಿ ಹೊತ್ತಿಗೆ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ, ಕಾಯಿ ತುಂಬುವುದಿಲ್ಲ.

ಈ ಬೇಸಿಗೆಗೆ ಬೋರ್ ಹಾಕಿಸೋಣ ಅಂತಾರೆ ಅಪ್ಪ. ಪಕ್ಕದ ಹೊಲದವರಿಗೆ ಚೆನ್ನಾಗಿ ನೀರು ಬಿದ್ದಿದೆ. ನಾನು ಮಳೆನೀರು ಹಿಡಿದಿಡಲು ಕೃಷಿಹೊಂಡ ಅಂದರೆ "ಬಂಗಾರದಂಥ ಭೂಮಿಯಲ್ಲಿ ಗುಂಡಿ ತೋಡಿಸ್ತೀಯೇನವ್ವಾ" ಅಂತ ಬೈಯುತ್ತಾರೆ. ಲೆಕ್ಕ ಸಮೇತ ಹೇಳುವವರು ಯಾರಾದರೂ ಇದ್ದೀರಾ?

ಎರಿಹೊಲದ ಕಾಕಾ, ಅಫಜಲಪುರ

ನೋಡವ್ವಾ, ಹೊಲಕ್ಕೆ ನೀರು ಕಡಿಮೆ ಅಂತ ನೀನು ಬರೆದಿಲ್ಲ. ಒಮ್ಮೆ ಜಾಸ್ತಿ, ಒಮ್ಮೆ ಏನೂ ಇಲ್ಲ ಅಂತ ಬರೆದಿದ್ದೀಯ. ಶ್ರಾವಣದಲ್ಲಿ ಗಿಡ ಕೊಲ್ಲುವ ನೀರು, ಕಾರ್ತಿಕದಲ್ಲಿ ಕಾಯಿ ಉಳಿಸುವ ನೀರು ಎರಡೂ ಒಂದೇ. ಬೋರ್ ಹಾಕಿಸಿದರೆ ಎರಡನೆಯದಕ್ಕೆ ಮಾತ್ರ ಆಯಿತು. ನಿಂತ ನೀರನ್ನು ಹೊರಗೆ ಹಾಕುವವರು ಯಾರು?

ಲೆಕ್ಕ ಕೇಳಿದೆಯಲ್ಲ. ಒಂದು ಎಕರೆ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಅದು ಸುಮಾರು 1 ಲಕ್ಷ ಲೀಟರ್ ನೀರು. ಎರಿ ಮಣ್ಣು ಒಮ್ಮೆ ನೆಂದು ಉಬ್ಬಿತು ಅಂದರೆ ಬೇಗ ಕುಡಿಯುವುದಿಲ್ಲ, ಮೇಲೆ ಬಿದ್ದದ್ದು ಮೇಲ್ಮಣ್ಣು ಹೊತ್ತುಕೊಂಡು ಹಳ್ಳಕ್ಕೆ ಹೋಗುತ್ತದೆ. 15 ಮೀಟರ್ ಉದ್ದ, 15 ಮೀಟರ್ ಅಗಲ, 3 ಮೀಟರ್ ಆಳದ ಹೊಂಡವನ್ನು ಬದಿ ಇಳಿಜಾರು ಬಿಟ್ಟು ತೋಡಿದರೆ 4 ಲಕ್ಷ ಲೀಟರ್ ಮೇಲೆ ಹಿಡಿಯುತ್ತದೆ. ಬಿಸಿಲಿಗೆ, ಇಂಗುವುದಕ್ಕೆ ಅರ್ಧ ಹೋಯಿತು ಅಂತಲೇ ಇಟ್ಟುಕೋ. ಉಳಿದದ್ದು ಸ್ಪ್ರಿಂಕ್ಲರ್‌ನಲ್ಲಿ 25 ಮಿ.ಮೀ.ನಂತೆ ಎರಡು ಎಕರೆಗೆ ಒಂದು ಸಲ ಕೊಡುವಷ್ಟು ನೀರು. ಸಾಲು ಬಿಟ್ಟು ಸಾಲು ಕೊಟ್ಟರೆ ಇನ್ನೂ ಸ್ವಲ್ಪ ಎಳೆಯಬಹುದು. ಆರೂ ಎಕರೆಗೆ ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡ. ದಂಡೆ ಸೇರಿ ಹೋಗುವುದು ನಾಲ್ಕೈದು ಗುಂಟೆ. ಅದೂ ಈಗ ನೀರು ನಿಂತು ಏನೂ ಬೆಳೆಯದ ತಗ್ಗಿನ ಮೂಲೆ. ಅಪ್ಪನಿಗೆ ಇದನ್ನೇ ಹೇಳು.

ಇನ್ನೊಂದು ಮಾತು. ನೀರು ಕೊಡುವುದಾದರೆ ಬಿರುಕು ಬಾಯಿ ಬಿಡುವ ಮೊದಲು ಕೊಡಬೇಕು. ಬಿರುಕು ದೊಡ್ಡದಾದ ಮೇಲೆ ಬಿಟ್ಟರೆ ನೀರು ಗಿಡದ ಬೇರು ದಾಟಿ ಸೀದಾ ಕೆಳಗೆ ಇಳಿಯುತ್ತದೆ. ಸಾಲಿನಲ್ಲಿ ಮುಂದೆ ಹರಿಯುವುದೇ ಇಲ್ಲ. ಎಂಜಿನ್ ಓಡುತ್ತಾ ಇರುತ್ತದೆ, ಡೀಸೆಲ್ ಖಾಲಿ! ಹಂಗಂತ ಹೂವಿನ ಹೊತ್ತಿನಲ್ಲಿ ಹೊಲ ತುಂಬಾ ನಿಲ್ಲಿಸಿದರೆ ಹೂ ಉದುರುತ್ತದೆ.

ಹೂಳು ತುಂಬಿದ ಹೊಂಡದವ

ಕಾಕಾ, ಹೇಳುವುದು ಸುಲಭ. ನಮ್ಮ ಹೊಂಡದಲ್ಲಿ ಈಗ ಆಡು ಮೇಯುತ್ತಿವೆ. ತೋಡಲು ಬಂದವನು ಜೆಸಿಬಿ ಸಲೀಸಾಗಿ ಬರುವ ಕಡೆ, ಅಂದರೆ ದಿಬ್ಬದ ಮೇಲೆ ತೋಡಿ ಬಿಲ್ ಮಾಡಿಕೊಂಡು ಹೋದ. ಬಂದ ಸ್ವಲ್ಪ ನೀರಿನ ಜೊತೆ ಮಣ್ಣೂ ಬಂತು. ತೆಗೆದ ಮಣ್ಣನ್ನು ಅಂಚಿಗೇ ಗುಡ್ಡೆ ಹಾಕಿದ್ದ, ಅದೂ ಒಳಗೆ ಜಾರಿತು. ಹೊಂಡ ಅಂದರೆ ಮನೆಯಲ್ಲಿ ಈಗ ನಗುತ್ತಾರೆ.

ಎರಿಹೊಲದ ಕಾಕಾ, ಅಫಜಲಪುರ

ತಮ್ಮಾ, ನಿನ್ನ ಸಿಟ್ಟು ಸರಿಯಾಗಿದೆ. ಅದು ಹೊಂಡವೇ ಅಲ್ಲ, ಬಿಲ್ಲಿಗೆ ತೋಡಿದ ಗುಂಡಿ. ನೀರು ಒಳಗೆ ಬರುವ ಬಾಯಿಯ ಮುಂದೆ ಒಂದು ಚಿಕ್ಕ ಹೂಳು ಗುಂಡಿ ಬೇಕೇ ಬೇಕು. ಮಣ್ಣು ಅಲ್ಲಿ ಕೂತು ತಿಳಿ ನೀರು ಮುಂದೆ ಹೋಗಬೇಕು. ಮೇಲಿನ ಹೊಲದಲ್ಲಿ ಒಡ್ಡು ಇಲ್ಲದಿದ್ದರೆ ಅದೂ ಸಾಲದು. ಮೊದಲು ಒಡ್ಡು, ಆಮೇಲೆ ಹೊಂಡ. ಬೇಸಿಗೆಯಲ್ಲಿ ಆ ಹೂಳನ್ನು ಹೊತ್ತು ಮತ್ತೆ ಹೊಲಕ್ಕೇ ಹಾಕು, ನಿನ್ನದೇ ಮೇಲ್ಮಣ್ಣು ಅದು.

ಬೀದರ್ ಕೆಂಪು ಮಣ್ಣು

ನಮ್ಮ ಕಡೆಯದನ್ನೂ ಒಂದು ಸೇರಿಸುತ್ತೇನೆ. ಬೀದರ್ ಊರಿರುವುದು ಜಂಬಿಟ್ಟಿಗೆ ಅನ್ನುವ ತೂತು ತೂತಾದ ಕೆಂಪು ಕಲ್ಲಿನ ಮೇಲೆ. ಇಲ್ಲಿ ಹೊಂಡ ತೋಡಿದರೆ ನೀರು ಸೋರಿ ಹೋಗುತ್ತದೆ, ಪ್ಲಾಸ್ಟಿಕ್ ಹಾಳೆ ಹಾಸದೆ ನಿಲ್ಲುವುದಿಲ್ಲ. ಆದರೆ ಹಾಗೆ ಇಂಗುವ ಗುಣವನ್ನೇ ಬಳಸಿ ಬಹಮನಿ ಕಾಲದಲ್ಲಿ, 15ನೇ ಶತಮಾನದಲ್ಲಿ, ನೌಬಾದ್‌ನಲ್ಲಿ ಸುರಂಗ ಬಾವಿ ಮಾಡಿದರು. ಕರೇಜ್ ಅಂತಾರಲ್ಲ, ಅದೇ. ನೆಲದೊಳಗೆ ಇಳಿಜಾರಾಗಿ ಸುರಂಗ, ಮೇಲಿಂದ ಅಲ್ಲಲ್ಲಿ ಬಾವಿಯಂಥ ಕಿಂಡಿಗಳು. ಪಂಪು ಇಲ್ಲ, ಕರೆಂಟು ಇಲ್ಲ. ಸೋರಿ ಬಂದಷ್ಟು ಹರಿಯುತ್ತದೆ, ಅದಕ್ಕಿಂತ ಜಾಸ್ತಿ ಎಳೆಯಲು ಆಗುವುದೇ ಇಲ್ಲ. ಬೋರಿನಲ್ಲಿ ಆ ಕಡಿವಾಣ ಇಲ್ಲ ನೋಡಿ.

ಆಳಂದದ ಕಡೆ ಕೆಳಗೆ ಕರಿ ಕಲ್ಲು. ನೀರು ಇರುವುದು ಬಂಡೆಯ ಸೀಳಿನಲ್ಲಿ. ಪಕ್ಕದವರಿಗೆ ಸೀಳು ಸಿಕ್ಕಿದೆ ಅಂದರೆ ನಿಮಗೂ ಸಿಗುತ್ತದೆ ಅಂತೇನಿಲ್ಲ. ಸಿಕ್ಕರೂ ಅದೇ ಸೀಳಾಗಿದ್ದರೆ ಇಬ್ಬರೂ ಒಂದೇ ನೀರಿಗೆ ಪೈಪು ಹಾಕಿದಂತೆ. ಬೋರ್ ಬೇಡವೇ ಬೇಡ ಅನ್ನುವುದಿಲ್ಲ. ಸಾಲ ಮಾಡಿ ಮಾತ್ರ ಬೇಡ.

ಆಳಂದದ ಹುಡುಗಿ

ಕಾಕಾ, ನಾಲ್ಕೈದು ಗುಂಟೆ ಅಂದಿದ್ದಕ್ಕೆ ಅಪ್ಪ ಸ್ವಲ್ಪ ಮೆತ್ತಗಾದರು. "ನೆಟೆ ರೋಗಕ್ಕೂ ನಿನ್ನ ಹೊಂಡವೇ ಔಷಧನಾ?" ಅಂತ ಕೇಳುತ್ತಿದ್ದಾರೆ. 2022ರಲ್ಲಿ ಆ ರೋಗಕ್ಕೇ ನಮ್ಮದು ಅರ್ಧ ಹೊಲ ಒಣಗಿತ್ತು. ಆ ಭಯ ಇನ್ನೂ ಹೋಗಿಲ್ಲ. ಮತ್ತೆ ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಅದೂ ಒಂದು ಚಿಂತೆ.

ಎರಿಹೊಲದ ಕಾಕಾ, ಅಫಜಲಪುರ

ಅಪ್ಪ ಕೇಳಿದ್ದು ಒಳ್ಳೆಯ ಪ್ರಶ್ನೆ. ಅಲ್ಲ, ಔಷಧ ಅಲ್ಲ. ನೆಟೆ ರೋಗದ ಬೂಷ್ಟು ಮಣ್ಣಿನಲ್ಲಿ, ಹಳೆ ತೊಗರಿ ಕೂಳೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ತೊಗರಿ ಮೇಲೆ ತೊಗರಿ ಬಿತ್ತಿದರೆ ಅದಕ್ಕೆ ಹಬ್ಬ. ಹೊಲ ಭಾಗ ಮಾಡಿ, ಒಂದು ಭಾಗಕ್ಕೆ ಜೋಳ ತಿರುಗಿಸಿ. ಬೀಜಕ್ಕೆ ಟ್ರೈಕೋಡರ್ಮಾ, ಅಂದರೆ ರೋಗದ ಬೂಷ್ಟನ್ನು ತಡೆಯುವ ಒಳ್ಳೆಯ ಬೂಷ್ಟು, ಲೇಪಿಸಿ ಬಿತ್ತಿ. ಟಿಎಸ್-3ಆರ್‌ನಂಥ ರೋಗ ತಡೆಯುವ ತಳಿ ನೋಡಿ, ಅದು ಬೇಗ ಬರುತ್ತದೆ, ಹಿಂಗಾರಿ ಕೈ ಕೊಟ್ಟರೂ ಸ್ವಲ್ಪ ತಡೆಯುತ್ತದೆ. ಜೋಳಕ್ಕೆ ರೇಟ್ ಇಲ್ಲ ಅಂತ ಅಪ್ಪ ಅನ್ನಬಹುದು. ದನಕ್ಕೆ ಕಣಿಕೆ ಎಲ್ಲಿಂದ ತರುತ್ತೀರಿ ಅಂತ ಕೇಳು.

ಮಕ್ಕಳ ವಿಷಯದಲ್ಲಿ ಚೌಕಾಸಿ ಮಾಡಬೇಡ. ಸುತ್ತ ತಂತಿ ಬೇಲಿಗೆ ದುಡ್ಡು ಸಾಲದಿದ್ದರೆ ಈ ವರ್ಷ ಹೊಂಡವೇ ಬೇಡ. ಎರಿ ಮಣ್ಣಿನ ದಂಡೆ ನೆಂದರೆ ದೊಡ್ಡವರೇ ಜಾರುತ್ತಾರೆ, ಹಿಡಿಯಲು ಏನೂ ಸಿಗುವುದಿಲ್ಲ. ಒಂದು ಗೂಟಕ್ಕೆ ಹಗ್ಗ ಕಟ್ಟಿ, ಅದರ ತುದಿಗೆ ಹಳೆ ಟೈರ್ ಟ್ಯೂಬ್ ಕಟ್ಟಿ ನೀರಿಗೆ ಬಿಟ್ಟಿರು. ಜಾಗ ಈಗಲೇ ಗುರುತು ಹಾಕಬೇಡಿ. ಮುಂದಿನ ದೊಡ್ಡ ಮಳೆ ನಿಂತ ಕೂಡಲೇ ಅಪ್ಪನನ್ನು ಕರೆದುಕೊಂಡು ಹೊಲ ಸುತ್ತು, ನೀರು ಎಲ್ಲಿ ಹೋಗಿ ಸೇರುತ್ತದೆ ಅಂತ ಅವರೇ ತೋರಿಸಲಿ. ಜೆಸಿಬಿಯವನಿಗೆ ಫೋನ್ ಆಮೇಲೆ.