ಅಂಡಮಾನಿನಲ್ಲಿ ಎಷ್ಟು ಸೆಂಟ್ಸ್ ಮಳೆ?

ನಮ್ಮ ತೋಟದ ಗೌಡ್ರು ಮಾರ್ಚ್ ಕೊನೆಯಲ್ಲಿ ಅಂಡಮಾನಿಗೆ ಹೋಗಿ ಬಂದರು. ಚಿಕ್ಕಮಗಳೂರಿನ ನಮ್ಮ ಆಲ್ದೂರಿನ ಕಡೆ ಇದೇನು ಸಣ್ಣ ಸುದ್ದಿಯಲ್ಲ. ಕಾಫಿ ಹೂ ಬಿಡಿಸುವ ಹೂಮಳೆಯನ್ನು ಸೆಂಟ್ಸ್ ಲೆಕ್ಕದಲ್ಲಿ (ನೂರು ಸೆಂಟ್ಸ್ ಅಂದ್ರೆ ಒಂದು ಇಂಚು) ಕಾಯುವ ಹೊತ್ತಿನಲ್ಲಿ ತೋಟ ಬಿಟ್ಟು ಹೋಗುವುದು ಅಂದ್ರೆ ಮದುವೆ ಮನೆಯಿಂದ ಮದುಮಗನೇ ಎದ್ದು ಹೋದ ಹಾಗೆ. ವಿಚಾರಿಸೋಣ ಅಂತ ನಾನು, ಮೇಷ್ಟ್ರು, ಮೆಡಿಕಲ್ ಶಾಪ್ ಶೆಟ್ರು ಮೂವರೂ ಅವರ ಜಗಲಿಗೆ ಹೋದೆವು.

"ನಂದಲ್ಲ ಐಡಿಯಾ, ಇವಳದು" ಅಂದರು ಗೌಡ್ರು.

ಅತ್ತಿಗೆ ಒಳಗಿಂದಲೇ ಹೇಳಿದರು, "ಭಾನುವಾರ ಬಂದ್ರೆ ಮುಳ್ಳಯ್ಯನಗಿರಿ ರಸ್ತೆ ತುಂಬಾ ಕಾರು. ಬೆಂಗಳೂರೆಲ್ಲ ಇಲ್ಲಿಗೆ ಬಂದು ರೆಸ್ಟ್ ತಗೊಳ್ಳುತ್ತೆ. ನಾವೆಲ್ಲಿಗೆ ಹೋಗಬೇಕು?"

ನ್ಯಾಯವಾದ ಪ್ರಶ್ನೆಯೇ.

"ಹ್ಯಾವ್‌ಲಾಕ್ ಹೇಗಿತ್ತು?" ಶೆಟ್ರು ಕೇಳಿದರು.

"ಈಗ ಅದು ಸ್ವರಾಜ್ ದ್ವೀಪ" ಅಂತ ಮೇಷ್ಟ್ರು ತಿದ್ದಿದರು. "2018ರಲ್ಲೇ ಹೆಸರು ಬದಲಾಯ್ತು. ಪೋರ್ಟ್ ಬ್ಲೇರ್ ಕೂಡ 2024ರಿಂದ ಶ್ರೀ ವಿಜಯಪುರಂ." ಮೇಷ್ಟ್ರು ರಿಟೈರ್ ಆಗಿ ಆರು ವರ್ಷವಾಗಿದೆ. ಪಾಠ ಮಾತ್ರ ರಿಟೈರ್ ಆಗಿಲ್ಲ.

"ರಾಧಾನಗರ ಬೀಚಿಗೆ ಹೋಗಿದ್ವಿ" ಅಂದರು ಗೌಡ್ರು. "ಮರಳು ಅಕ್ಕಿಹಿಟ್ಟಿನ ಹಾಗಿದೆ. ಹಿಂದೆ ಒಳ್ಳೊಳ್ಳೆ ಮರಗಳಿವೆ, ಏನು ಎತ್ತರ ಅಂತೀರಿ! ಆದ್ರೆ ಒಂದಕ್ಕೂ ಮೆಣಸಿನ ಬಳ್ಳಿ ಹಬ್ಬಿಸಿಲ್ಲ ಮಾರಾಯ್ರೆ."

"ಸೂರ್ಯಾಸ್ತ?"

"ಅದೇ ಮೋಸ ಆಗಿದ್ದು. ನಾನು ಆರೂವರೆಗೆ ಅಂತ ನಿಧಾನವಾಗಿ ಹೋದೆ. ಐದೂವರೆಗೇ ಮುಳುಗಿಬಿಟ್ಟಿದ್ದ!"

ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. "ಅಂಡಮಾನ್ ಇರೋದು ಸುಮಾರು 93 ಡಿಗ್ರಿ ರೇಖಾಂಶದಲ್ಲಿ, ನಾವು 76ರಲ್ಲಿ. ಡಿಗ್ರಿಗೆ ನಾಲ್ಕು ನಿಮಿಷ. ಗಡಿಯಾರ ಇಬ್ಬರಿಗೂ ಒಂದೇ, ಸೂರ್ಯ ಮಾತ್ರ ಅವರಿಗೆ ಒಂದು ಗಂಟೆಗೂ ಜಾಸ್ತಿ ಮುಂಚೆ."

"ಬೆಳಿಗ್ಗೆ ಐದು ಗಂಟೆಗೇ ಬೆಳಕು" ಅಂದರು ಗೌಡ್ರು. "ಆಳುಗಳು ಬರೋಕೆ ಮುಂಚೆ ಎಷ್ಟು ಕೆಲಸ ಮಾಡಬಹುದಿತ್ತು!"

ಈಗ ಅತ್ತಿಗೆ ಅಕ್ಕಿರೊಟ್ಟಿ ತಟ್ಟೆ ಹಿಡಿದು ಹೊರಗೇ ಬಂದರು. "ಕೆಲಸ ಮಾಡಿದ್ರಲ್ಲ, ಫೋನಿನಲ್ಲಿ. ದಿನಕ್ಕೆ ಹನ್ನೊಂದು ಸಲ ತೋಟದ ಲೆಕ್ಕ ಬರೆಯೋ ರೈಟರಿಗೆ ಫೋನು. ಮಳೆ ಬಂತಾ? ಎಷ್ಟು ಸೆಂಟ್ಸ್? ಪಕ್ಕದ ತೋಟಕ್ಕೆ ಬಂತಾ? ಅವರಿಗೆ ಬಂದಿದ್ರೆ ನಮಗ್ಯಾಕೆ ಬಂದಿಲ್ಲ?"

"ಅಲ್ಲಿ ನೆಟ್‌ವರ್ಕ್ ಸಿಗುತ್ತಾ?" ಅಂದೆ ನಾನು.

"2020ರಲ್ಲಿ ಚೆನ್ನೈಯಿಂದ ಸಮುದ್ರದ ತಳದಲ್ಲಿ ಕೇಬಲ್ ಹಾಕಿದ್ದಾರೆ, ಸುಮಾರು 2,300 ಕಿಲೋಮೀಟರ್" ಅಂದರು ಮೇಷ್ಟ್ರು.

"ಹಾಕಿದವರಿಗೆ ಏನು ಅನ್ನಲಿ?" ಅಂದರು ಅತ್ತಿಗೆ.

ಮೂರನೇ ದಿನ ಅಲ್ಲೇ ಮಳೆ ಬಂತಂತೆ. ಜನ ಕೊಡೆ ಹುಡುಕಿಕೊಂಡು ಓಡಿದರೆ ಗೌಡ್ರು ರೂಮಿನಿಂದ ಗಾಜಿನ ಲೋಟ ತಂದು ಅಂಗಳದಲ್ಲಿಟ್ಟು ಕಾದರು.

"ಒಂದೂಕಾಲು ಇಂಚು!" ಗೌಡ್ರ ಗಂಟಲು ಈಗಲೂ ಕಟ್ಟಿತು. "ರೋಬಸ್ಟಾ ಕಾಫಿ ಅಷ್ಟೂ ಹೂ ಬಿಡುವಂಥ ಮಳೆ. ಸುಮ್ನೆ ಉಪ್ಪುನೀರಿಗೆ ಸುರಿದು ಹೋಯ್ತು. ನೋಡೋಕಾಗಲಿಲ್ಲ."

ಶೆಟ್ರಿಗೆ ರೊಟ್ಟಿ ನೆತ್ತಿಗೇರಿತು.

"ಮುಂದಿನ ಸಲ ಮಾಲ್ಡೀವ್ಸ್" ಅಂದರು ಅತ್ತಿಗೆ.

"ಅಲ್ಲಿ ಸಹಜವಾಗಿ ಅತಿ ಎತ್ತರದ ಜಾಗ ಅಂದ್ರೆ ಎರಡೂವರೆ ಮೀಟರೂ ಇಲ್ಲ" ಅಂದರು ಮೇಷ್ಟ್ರು. "ನಮ್ಮ ಮುಳ್ಳಯ್ಯನಗಿರಿ 1,930."

"ನಮ್ಮ ಗೋಡೌನಿನ ಬಾಗಿಲೇ ಅದಕ್ಕಿಂತ ಎತ್ತರ" ಅಂದರು ಗೌಡ್ರು. ದೇಶಕ್ಕೆ ದೇಶವೇ ಅವರ ಕಣ್ಣಲ್ಲಿ ಕುಸಿದಿತ್ತು. "ಅದೂ ಯಾವ ತಿಂಗಳು ಹೋಗೋದು? ಮೇನಲ್ಲಿ ಮರಗಸಿ, ನೆರಳು ಮರದ ಕೊಂಬೆ ಕಡಿಸೋದು. ಜೂನಿಂದ ಮಳೆಗಾಲ. ಆಮೇಲೆ ಗೊಬ್ಬರ. ನವೆಂಬರಿಂದ ಕೊಯ್ಲು. ಫೆಬ್ರವರಿಯಲ್ಲಿ ಮೆಣಸು. ಮಾರ್ಚಲ್ಲಂತೂ ಬೇಡವೇ ಬೇಡ."

"ನೀವು ಇಲ್ಲೇ ಇರಿ" ಅಂದರು ಅತ್ತಿಗೆ, ಖಾಲಿ ಲೋಟಗಳನ್ನು ಎತ್ತಿಕೊಳ್ಳುತ್ತಾ. "ನಾನು ತಂಗಿ ಜೊತೆ ಹೋಗ್ತೀನಿ. ದಿನಾ ಸಂಜೆ ಫೋನ್ ಮಾಡಿ ಎಷ್ಟು ಸೆಂಟ್ಸ್ ಅಂತ ಕೇಳ್ತೀನಿ, ಸರೀನಾ?"